ನಳಿಗೆ ಬದಲಿಸುವ ಬೇಟೆ ರೈಫಲ್: ಯಾವ ಕ್ಯಾಲಿಬರ್, ಯಾವ ನೆಲಕ್ಕೆ?

ಬೆಂಗಳೂರಿನ ಯಡಿಯೂರು, ಜಯನಗರ, ಬನಶಂಕರಿಯ ಬೀದಿಗಳಲ್ಲಿ ಮೂಲ ಊರು ಕೊಡಗು, ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಎನ್ನುವ ಮನೆಗಳು ಬೇಕಾದಷ್ಟಿವೆ. ಊರಿನಲ್ಲಿ ತೋಟ ಇರುತ್ತದೆ, ತೋಟದ ಮನೆಯಲ್ಲಿ ಕೋವಿ ಇರುತ್ತದೆ. ಅದೇ ಮನೆಯ ಮಕ್ಕಳು ಜರ್ಮನಿ, ಸ್ವೀಡನ್, ಅಮೆರಿಕ, ನ್ಯೂಜಿಲೆಂಡ್ ಎಂದು ಹೋಗಿ ನೆಲೆಸಿದ್ದಾರೆ. ಅಲ್ಲಿ ಬೇಟೆ ಕಾನೂನುಬದ್ಧ. ಹಾಗಾಗಿ ಒಂದೇ ಕುಟುಂಬದಲ್ಲಿ ಎರಡು ಬಗೆಯ ಪ್ರಶ್ನೆಗಳು ಏಳುತ್ತವೆ. ಹೊರಗಿರುವವರು ಯಾವ ರೈಫಲ್ ಕೊಳ್ಳುವುದು, ಎಷ್ಟು ನಳಿಗೆ ಇಟ್ಟುಕೊಳ್ಳುವುದು ಎಂದು ಕೇಳುತ್ತಾರೆ. ಇಲ್ಲಿರುವವರು ಅಂಥದ್ದೊಂದು ನಮ್ಮ ತೋಟಕ್ಕೂ ಆದೀತೇ ಎಂದು ಕೇಳುತ್ತಾರೆ. ಈ ಎರಡಕ್ಕೂ ಒಂದೇ ಉತ್ತರ ಕೊಡಲು ಹೋದರೆ ಇಬ್ಬರಿಗೂ ತಪ್ಪು ಹೇಳಿದಂತಾಗುತ್ತದೆ. ರೈಫಲ್ಲಿನ ತಾಂತ್ರಿಕತೆ ಎಲ್ಲ ಕಡೆಯೂ ಒಂದೇ. ಕ್ಯಾಲಿಬರನ್ನು ಮಾತ್ರ ಪ್ರಾಣಿ, ನೆಲ ಮತ್ತು ಕಾನೂನು ಮೂರೂ ಸೇರಿ ತೀರ್ಮಾನಿಸುತ್ತವೆ. ನಮ್ಮಲ್ಲಿ ಕಾನೂನಿನದೇ ಮೊದಲ ಮಾತು.

ಒಂದು ಮೈ, ಹಲವು ನಳಿಗೆ

ಸಾಮಾನ್ಯ ಬೋಲ್ಟ್ ರೈಫಲ್ಲಿನಲ್ಲಿ ನಳಿಗೆಯನ್ನು ಕಾರ್ಖಾನೆಯಲ್ಲೇ ರಿಸೀವರಿಗೆ ತಿರುಪಿ ಬಿಗಿದಿರುತ್ತಾರೆ. ಅದನ್ನು ತೆಗೆಯಲು ವೈಸು, ವಿಶೇಷ ಪಾನಾ, ನುರಿತ ಕೋವಿ ಕೆಲಸದವನು ಬೇಕು. ನಳಿಗೆ ಬದಲಿಸುವ ರೈಫಲ್ಲಿನಲ್ಲಿ ಈ ಕೆಲಸವನ್ನು ಬಳಕೆದಾರನೇ ಒಂದು ಅಲೆನ್ ಕೀಯಿಂದ ಮಾಡಿಕೊಳ್ಳುತ್ತಾನೆ. ಮಿಕ್ಸಿಯ ಒಂದೇ ಮೋಟರಿಗೆ ಚಟ್ನಿ ಜಾರು, ಹಿಟ್ಟಿನ ಜಾರು ಎರಡೂ ಕೂರುವಂತೆ ಇಲ್ಲಿ ಮೈ, ಹಿಡಿ, ಟ್ರಿಗರ್ ಒಂದೇ ಆಗಿದ್ದು ನಳಿಗೆ ಮಾತ್ರ ಬದಲಾಗುತ್ತದೆ.

ಈ ಬಗೆಯಲ್ಲಿ ಹೆಚ್ಚು ಹೆಸರಾದದ್ದು ಜರ್ಮನಿಯ ಇಸ್ನಿ ಪಟ್ಟಣದ ಬ್ಲೇಸರ್ ಕಂಪನಿಯ ರೈಫಲ್‌ಗಳು. 1993ರಲ್ಲಿ ಆರ್93 ಬಂತು, 2008ರಲ್ಲಿ ಆರ್8. ಮೌಸರ್ ಎಂ03, ಸಾವರ್ 202, ಮರ್ಕೆಲ್ ಹೀಲಿಕ್ಸ್ ಇದೇ ಸಾಲಿನವು. ಅಮೆರಿಕದ ಥಾಂಪ್ಸನ್ ಸೆಂಟರ್ ಕಂಪನಿ 1967ರಲ್ಲೇ ಕಂಟೆಂಡರ್ ಎಂಬ ಒಂಟಿ ತೋಟೆಯ ಪಿಸ್ತೂಲನ್ನು ಹೊರತಂದಿತ್ತು. ಅದರ ಒಂದೇ ಕೀಲು ತೆಗೆದರೆ ನಳಿಗೆ ಕಳಚಿ ಬರುತ್ತಿತ್ತು. ನಮ್ಮ ಜೋಡು ನಳಿಗೆ ತೋಟಾ ಕೋವಿಯನ್ನು ಮಡಿಸಿ, ಮುಂಗೈ ಮರ ತೆಗೆದು ನಳಿಗೆ ಬಿಡಿಸುವವರಿಗೆ ಈ ವಿಧಾನ ಹೊಸದಲ್ಲ.

ಆರ್8ನಲ್ಲಿ ನಳಿಗೆ ಬದಲಿಸುವುದು ಹೀಗೆ. ಮೊದಲು ತೋಟೆಗಳನ್ನೆಲ್ಲ ತೆಗೆದು, ಚೇಂಬರಿನೊಳಗೆ ಕಣ್ಣು ಹಾಯಿಸಿ, ಬೆರಳು ಹಾಕಿ ಖಾಲಿ ಎಂದು ಖಚಿತ ಮಾಡಿಕೊಳ್ಳಬೇಕು. ಟ್ರಿಗರ್ ಮತ್ತು ಮ್ಯಾಗಜಿನ್ ಒಂದೇ ಘಟಕವಾಗಿ ಕೆಳಗೆ ಬರುತ್ತವೆ. ಬೋಲ್ಟನ್ನು ಹಿಂದಕ್ಕೆಳೆದು ತೆಗೆದಿಡುತ್ತಾರೆ. ಮುಂಭಾಗದ ಹಿಡಿಯ ಅಡಿಯಲ್ಲಿ ಎರಡು ತಿರುಪುಗಳಿವೆ. ಅಲೆನ್ ಕೀಯಿಂದ ಅವನ್ನು ಸಡಿಲಿಸಿದರೆ ನಳಿಗೆ ನೇರ ಮೇಲಕ್ಕೆ ಎದ್ದು ಬರುತ್ತದೆ. ತಿರುಪುಗಳು ಹಿಡಿಯಲ್ಲೇ ಉಳಿಯುವುದರಿಂದ ಹುಲ್ಲಿನಲ್ಲಿ ಬಿದ್ದು ಕಳೆಯುವ ಭಯವಿಲ್ಲ. ಹೊಸ ನಳಿಗೆಯನ್ನು ಕೂರಿಸಿ, ಎರಡೂ ತಿರುಪುಗಳನ್ನು ಸರಿಸಮವಾಗಿ ಬಿಗಿದು, ಆ ಕ್ಯಾಲಿಬರಿಗೆ ಹೊಂದುವ ಬೋಲ್ಟ್ ತಲೆ ಮತ್ತು ಮ್ಯಾಗಜಿನ್ ಹಾಕಿದರೆ ಮುಗಿಯಿತು.

ಇದರ ಗುಟ್ಟು ಬೋಲ್ಟ್ ಎಲ್ಲಿ ಕಚ್ಚಿಕೊಳ್ಳುತ್ತದೆ ಎಂಬುದರಲ್ಲಿದೆ. ಹಳೆಯ ರೈಫಲ್‌ಗಳಲ್ಲಿ ಬೋಲ್ಟ್ ರಿಸೀವರಿಗೆ ಕಚ್ಚುತ್ತದೆ. ಬ್ಲೇಸರಿನಲ್ಲಿ ಬೋಲ್ಟಿನ ಮುಂಭಾಗದ ಉಕ್ಕಿನ ಎಸಳುಗಳು ಹೊರಕ್ಕೆ ಅರಳಿ ನೇರವಾಗಿ ನಳಿಗೆಯ ಒಳಗಿನ ತೋಡಿಗೆ ಕಚ್ಚುತ್ತವೆ. ಗುಂಡು ಹಾರುವಾಗಿನ ಒತ್ತಡವನ್ನು ನಳಿಗೆ ಮತ್ತು ಬೋಲ್ಟ್ ಇವೆರಡೇ ಹೊರುತ್ತವೆ. ಹಾಗಾಗಿ ಮೈಯನ್ನು ಹಗುರ ಮಾಡಬಹುದು, ನಳಿಗೆಯನ್ನು ಧೈರ್ಯವಾಗಿ ಬದಲಿಸಬಹುದು. ಬೋಲ್ಟನ್ನು ಎತ್ತಿ ತಿರುಗಿಸುವ ಕೆಲಸವಿಲ್ಲ, ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಸಾಕು.

ದುರ್ಬೀನಿನ ವಿಷಯದಲ್ಲೂ ಇದೇ ಜಾಣ್ಮೆ. ಸ್ಕೋಪ್ ಕೂರುವುದು ನಳಿಗೆಯ ಮೇಲೆ, ಮೈಮೇಲಲ್ಲ. ಪ್ರತಿ ನಳಿಗೆಗೂ ಅದರದೇ ಸ್ಕೋಪ್ ಇಟ್ಟುಕೊಂಡವರಿಗೆ ನಳಿಗೆ ಬದಲಿಸಿದ ಮೇಲೂ ಗುರಿ ಬಹುಮಟ್ಟಿಗೆ ಮೊದಲಿದ್ದಲ್ಲೇ ಇರುತ್ತದೆ. ಒಂದೇ ಸ್ಕೋಪನ್ನು ಎರಡು ನಳಿಗೆಗೆ ಓಡಾಡಿಸುವವರು ಪ್ರತಿ ಸಲವೂ ಗುರಿ ಹೊಂದಿಸಿಕೊಳ್ಳಲೇಬೇಕು. ಎಷ್ಟೇ ಒಳ್ಳೆಯ ರೈಫಲ್ ಆಗಲಿ, ಬಿಡಿಸಿ ಜೋಡಿಸಿದ ಮೇಲೆ ಎರಡು ಮೂರು ಗುಂಡು ಕಾಗದದ ಗುರಿಗೆ ಹೊಡೆದು ನೋಡದೆ ಪ್ರಾಣಿಯ ಮೇಲೆ ನಳಿಗೆ ಎತ್ತಬಾರದು. ಗುರಿ ಒಂದು ಗೇಣು ತಪ್ಪಿದರೆ ಸಾಯದೆ ಗಾಯಗೊಂಡ ಪ್ರಾಣಿ ಪೊದೆಯಲ್ಲಿ ದಿನಗಟ್ಟಲೆ ನರಳುತ್ತದೆ. ಬೇಟೆಯ ನೀತಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಮೈಸೂರು ಸೀಮೆಯ ಹಳೆಯ ರೈಫಲ್‌ಗಳು

ಹತ್ತೊಂಬತ್ತನೆಯ ಶತಮಾನದ ಬಹುಪಾಲು ಬೇಟೆಗಾರರ ಬಳಿ ಗುಂಡಿಗೆ ಹೆಚ್ಚು ವೇಗ ಕೊಡುವ ಮದ್ದು ಇರಲಿಲ್ಲ. ಇದ್ದದ್ದು ಕರಿಮದ್ದು. ಹಾಗಾಗಿ ದೊಡ್ಡ ಪ್ರಾಣಿಗೆ ದೊಡ್ಡ ಸೀಸದ ಗುಂಡೇ ಗತಿ. ಮೈಸೂರು ಸಂಸ್ಥಾನದಲ್ಲಿ 1874ರಲ್ಲಿ ಆನೆ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಕಾಲದಲ್ಲಿ ಆನೆಗೆ 4 ಬೋರ್, 8 ಬೋರ್ ಕೋವಿ ಬಳಸುತ್ತಿದ್ದರು. ಬೋರಿನ ಲೆಕ್ಕ ಸರಳ. ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಳತೆಯ ಎಷ್ಟು ಉರುಟು ಗುಂಡುಗಳಾಗುತ್ತವೋ ಅಷ್ಟು ಬೋರ್. ಹಾಗಾಗಿ 4 ಬೋರ್ ನಳಿಗೆ 12 ಬೋರಿಗಿಂತ ಬಹಳ ದೊಡ್ಡದು. 12 ಬೋರಿನ ಒಳವ್ಯಾಸ ಸುಮಾರು 18.5 ಮಿ.ಮೀ., 4 ಬೋರಿನದು 26 ಮಿ.ಮೀ.ಗೂ ಹೆಚ್ಚು.

ಒಂದೇ ಕೋವಿಯಲ್ಲಿ ಹಕ್ಕಿಗೂ ಹುಲಿಗೂ ಹೊಡೆಯಬೇಕೆಂಬ ಆಸೆಯೂ ಅಂದಿನದೇ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1880ರ ದಶಕದಲ್ಲಿ ಪ್ಯಾರಡಾಕ್ಸ್ ಎಂಬ ಕೋವಿ ತಂದಿತು. ಅದರ ನಳಿಗೆ ಮುಕ್ಕಾಲು ಪಾಲು ನುಣುಪು, ತುದಿಯ ಕೆಲವು ಅಂಗುಲ ಮಾತ್ರ ಗುಂಡನ್ನು ತಿರುಗಿಸುವ ತಿರುಚುಗೀರು. ಚರೆ ಹಾಕಿದರೆ ಚರೆ, ಗುಂಡು ಹಾಕಿದರೆ ಗುಂಡು. ಸಿರಿವಂತರು ಒಂದೇ ಕೋವಿಗೆ ಎರಡು ಜೊತೆ ನಳಿಗೆ ಮಾಡಿಸಿ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಇಂದಿನ ನಳಿಗೆ ಬದಲಿಸುವ ರೈಫಲ್ಲಿನ ಹಿಂದಿರುವುದೂ ಅದೇ ಆಸೆ.

ಹೊಗೆಯಿಲ್ಲದ ಮದ್ದು ಬಂದ ಮೇಲೆ ನಳಿಗೆ ಸಣ್ಣದಾಯಿತು, ವೇಗ ಹೆಚ್ಚಿತು. ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ (1910–1974) ನರಭಕ್ಷಕಗಳ ಬೆನ್ನು ಹತ್ತಿದ್ದು .405 ವಿಂಚೆಸ್ಟರ್ ರೈಫಲ್ ಹಿಡಿದು. 1904ರ ಆ ತೋಟೆ 300 ಗ್ರೇನ್, ಅಂದರೆ 19 ಗ್ರಾಮಿಗೂ ತುಸು ಹೆಚ್ಚು ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹಾರಿಸುತ್ತಿತ್ತು. ಪೂರ್ಣಚಂದ್ರ ತೇಜಸ್ವಿ ಆ್ಯಂಡರ್ಸನ್ ಕಥೆಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದದ್ದರಿಂದ ಬಂದೂಕು ಮುಟ್ಟದ ಕನ್ನಡಿಗರಿಗೂ ಆ ಲೋಕ ಪರಿಚಿತ. ಅತ್ತ ಕುಮಾವೂನಿನಲ್ಲಿ ಜಿಮ್ ಕಾರ್ಬೆಟ್ ಹಿಡಿದದ್ದು .275 ರಿಗ್ಬಿ. ಅದು 7×57 ಮೌಸರ್ ತೋಟೆಯೇ, ಹೆಸರು ಬೇರೆ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಅವರಿಗೆ ಸಂದ ಉಡುಗೊರೆ ಅದು. .405 ಭಾರಿ ತೋಟೆ, .275 ಮಧ್ಯಮ ತೋಟೆ. ಎರಡೂ ಅದೇ ಬಗೆಯ ಪ್ರಾಣಿಯನ್ನು ಕೆಡವಿದವು. ಕ್ಯಾಲಿಬರಿನ ವಾದಕ್ಕೆ ಇಳಿಯುವವರು ಈ ಇಬ್ಬರನ್ನೂ ಒಟ್ಟಿಗೆ ನೆನೆಯುವುದು ಒಳ್ಳೆಯದು.

ಕ್ಯಾಲಿಬರಿನ ಲೆಕ್ಕ

ಕ್ಯಾಲಿಬರ್ ಎಂದರೆ ಮೂಲತಃ ಗುಂಡಿನ ಅಥವಾ ನಳಿಗೆಯ ವ್ಯಾಸ. ಆದರೆ ವ್ಯಾಸ ಒಂದೇ ಏನನ್ನೂ ಹೇಳದು. ಗುಂಡಿನ ತೂಕ, ವೇಗ, ಮೈಗೆ ತಾಗಿದ ಮೇಲೆ ಅದು ಅರಳುವ ರೀತಿ ಎಲ್ಲ ಸೇರಬೇಕು. ಒಂದು ಗ್ರಾಮಿಗೆ 15.4 ಗ್ರೇನ್ ಎಂಬ ಲೆಕ್ಕ ತಿಳಿದಿದ್ದರೆ ತೋಟೆಯ ಡಬ್ಬಿ ಓದಲು ಬರುತ್ತದೆ.

ಶಕ್ತಿಯನ್ನು ನಳಿಗೆಯ ಬಾಯಲ್ಲಿ ಜೂಲ್ ಲೆಕ್ಕದಲ್ಲಿ ಹೇಳುತ್ತಾರೆ. .22 ರಿಮ್‌ಫೈರ್‌ನಲ್ಲಿ 150ರಿಂದ 200 ಜೂಲ್. ಅದು ಮೊಲ, ಇಲಿ, ಗುರಿ ಅಭ್ಯಾಸಕ್ಕೆ. 1955ರ .243 ವಿಂಚೆಸ್ಟರ್ ಸುಮಾರು 2,600 ಜೂಲ್ ಕೊಡುತ್ತದೆ, ಹೆಗಲಿಗೆ ಹಿತ, ಸಣ್ಣ ಜಿಂಕೆಗೆ ಸಾಕು. 1892ರ 7×57 ಮತ್ತು 1894ರ 6.5×55 ಹಳೆಯವಾದರೂ ಇಂದಿಗೂ ಮಧ್ಯಮ ಪ್ರಾಣಿಗೆ ಅತ್ಯಂತ ಸಮತೋಲದವು. 3,000 ಜೂಲಿನ ಆಸುಪಾಸು. 1906ರ .30-06 ತೋಟೆ 180 ಗ್ರೇನ್ ಗುಂಡಿಗೆ ಸುಮಾರು 3,900 ಜೂಲ್ ತುಂಬುತ್ತದೆ. ಜಗತ್ತಿನ ಹೆಚ್ಚಿನ ಬೇಟೆಗಾರರಿಗೆ ಜೀವಮಾನವಿಡೀ ಅಷ್ಟು ಸಾಕು. 1905ರ ಜರ್ಮನ್ 9.3×62 ಸುಮಾರು 4,800, 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಸುಮಾರು 5,800 ಜೂಲ್. ಆಫ್ರಿಕಾದ ಕಾಡೆಮ್ಮೆ, ಅಲಾಸ್ಕಾದ ಕರಡಿ ಅಂಥ ಪ್ರಾಣಿಗೆ ಇವು ಹೇಳಿ ಮಾಡಿಸಿದವು.

ನಳಿಗೆ ಬದಲಿಸುವ ರೈಫಲ್ ಕೊಳ್ಳುವವರು ನೋಡಬೇಕಾದ ಮುಖ್ಯ ಸಂಗತಿ ತೋಟೆಯ ಬುಡದ ಅಳತೆ. ಬೋಲ್ಟ್ ತಲೆ ಹಿಡಿಯುವುದು ಆ ಬುಡವನ್ನೇ. 7×57, .30-06, .270, .243, 9.3×62 ಎಲ್ಲವೂ ಒಂದೇ ವಂಶದವು. ಬುಡ ಸುಮಾರು 12 ಮಿ.ಮೀ. ಹಾಗಾಗಿ .243, .30-06, 9.3×62 ಮೂರು ನಳಿಗೆ ಇಟ್ಟುಕೊಂಡವರಿಗೆ ಒಂದೇ ಬೋಲ್ಟ್ ತಲೆ ಸಾಕು. .300 ವಿಂಚೆಸ್ಟರ್ ಮ್ಯಾಗ್ನಮ್, .375 ಇತ್ಯಾದಿಗೆ ಬುಡ 13.5 ಮಿ.ಮೀ.; ಬೇರೆ ಬೋಲ್ಟ್ ತಲೆ ಬೇಕು, ಖರ್ಚು ಏರುತ್ತದೆ, ಕಲಸಿಹೋಗುವ ಅಪಾಯವೂ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಒಂದೇ ಬುಡದ ಎರಡು ನಳಿಗೆ ಇಟ್ಟುಕೊಂಡವನೇ ಈ ಬಗೆಯ ರೈಫಲ್ಲಿನ ಪೂರ್ತಿ ಲಾಭ ಪಡೆಯುತ್ತಾನೆ.

ನಳಿಗೆಯ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಪೊದೆಕಾಡಿನಲ್ಲಿ, ಮಚಾನಿನಲ್ಲಿ 52 ಸೆಂ.ಮೀ. ಹಿತ. ಬಯಲಿಗೆ 58 ಸೆಂ.ಮೀ. ಮ್ಯಾಗ್ನಮ್ ತೋಟೆಯ ನಿಧಾನ ಮದ್ದು ಪೂರ್ತಿ ಉರಿಯಲು 65 ಸೆಂ.ಮೀ.ವರೆಗೂ ಬೇಕಾಗುತ್ತದೆ. ಒಳಗಿನ ತಿರುಚುಗೀರು ಗುಂಡಿನ ಉದ್ದಕ್ಕೆ ಹೊಂದಬೇಕು. ಉದ್ದನೆಯ ತೆಳು ಗುಂಡಿಗೆ ಬಿಗಿ ತಿರುಚು ಬೇಕು, 6.5 ಮಿ.ಮೀ.ಗೆ ಸಾಮಾನ್ಯವಾಗಿ 8 ಅಂಗುಲಕ್ಕೊಂದು ಸುತ್ತು, .30ಕ್ಕೆ 10 ಅಥವಾ 11 ಅಂಗುಲಕ್ಕೊಂದು.

ಭಾರತದಲ್ಲಿ ಕ್ಯಾಲಿಬರ್ ಆರಿಸುವುದು ಕಾನೂನು

ಇಲ್ಲಿಗೆ ಬಂದರೆ ಮೇಲಿನ ಲೆಕ್ಕವೆಲ್ಲ ಎರಡನೆಯ ಸಾಲಿಗೆ ಸರಿಯುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಖಾಸಗಿಯವರು ಯಾವ ಬೋರ್ ಹೊಂದಬಹುದು ಎಂದು ಹೇಳುತ್ತವೆ. ಸೇನೆ ಮತ್ತು ಪೊಲೀಸರ .303, 7.62 ಮಿ.ಮೀ. ತೋಟೆಗಳನ್ನು ಹಾರಿಸಬಲ್ಲ ರೈಫಲ್ ಸಾಮಾನ್ಯ ನಾಗರಿಕರಿಗಲ್ಲ. ಹೊರದೇಶದಲ್ಲಿ ಮನೆಮಾತಾದ .308 ವಿಂಚೆಸ್ಟರ್ ತೋಟೆಯ ಅಳತೆ 7.62×51 ಸೇನಾ ತೋಟೆಯದೇ ಆದ್ದರಿಂದ ಅದು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕಿಂತ ಶಕ್ತಿಯುತವಾದ .30-06ಕ್ಕೆ ಆ ತೊಡಕಿಲ್ಲ. ಶಕ್ತಿ ಎಷ್ಟೆಂದು ಕಾನೂನು ಕೇಳುವುದಿಲ್ಲ. ಸೇನೆಯ ತೋಟೆ ಕದ್ದು ತಂದರೆ ಈ ರೈಫಲ್ಲಿನಲ್ಲಿ ಹಾರುತ್ತದೆಯೇ ಎಂದಷ್ಟೇ ಕೇಳುತ್ತದೆ.

ಭಾರತದ ನಾಗರಿಕ ರೈಫಲ್ ಎಂದರೆ .315 ಎಂದಾಗಿರುವುದೂ ಇದೇ ಕಾರಣಕ್ಕೆ. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ ಇಟ್ಟು, 8 ಮಿ.ಮೀ. ಗುಂಡಿನ ಈ ರೈಫಲ್ ತಯಾರಿಸುತ್ತದೆ. ಮೂಲದಲ್ಲಿ ಅದು ಆಸ್ಟ್ರಿಯಾದ 8×50 ಮಾನ್ಲಿಕರ್ ತೋಟೆ, 244 ಗ್ರೇನ್ ಗುಂಡು. ಅದೇ ಕಾರ್ಖಾನೆ .30-06 ಸ್ಪೋರ್ಟಿಂಗ್ ರೈಫಲ್ಲನ್ನೂ ಮಾಡಿದೆ. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಹಂಚಿದ ಮೇಲೆ ಬಂದೂಕು ಒಂದು ಕಂಪನಿಯ ಪಾಲಿಗೆ, ತೋಟೆ ಇನ್ನೊಂದರ ಪಾಲಿಗೆ ಬಂದಿವೆ.

ಬ್ಲೇಸರ್ ಥರದ್ದನ್ನು ಸಾಮಾನ್ಯ ಲೈಸೆನ್ಸ್‌ದಾರ ಹೊರಗಿನಿಂದ ತರಿಸಿಕೊಳ್ಳುವುದು ಆಗದ ಮಾತು. 1980ರ ದಶಕದ ನಡುವಿನಿಂದ ಖಾಸಗಿ ಆಮದಿಗೆ ಬಾಗಿಲು ಮುಚ್ಚಿದೆ. ರಾಷ್ಟ್ರಮಟ್ಟದಲ್ಲಿ ಅರ್ಹತೆ ಪಡೆದ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ಪ್ರತ್ಯೇಕ ದಾರಿ ಇದೆ. ನಳಿಗೆಯ ಬಗ್ಗೆ ಇನ್ನೊಂದು ಮಾತು: ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಸೂಟ್‌ಕೇಸಿನಲ್ಲಿ ಬರಿಯ ನಳಿಗೆ ಇಟ್ಟುಕೊಂಡು ಬಂದರೂ ಪರವಾನಗಿ ಇಲ್ಲದ ಬಂದೂಕು ತಂದಂತೆಯೇ. ಹೊರದೇಶದ ಮಗನಿಗೆ ಬಳಸಿದ ನಳಿಗೆಯೊಂದು ಅಗ್ಗಕ್ಕೆ ಸಿಕ್ಕಿದೆ, ಊರಿಗೆ ತರಲೇ ಎಂದು ಕೇಳಿದರೆ ಉತ್ತರ ಖಡಾಖಂಡಿತ ಬೇಡ.

2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಬೆಂಗಳೂರು ನಗರದಲ್ಲಿ ಅರ್ಜಿ ನಗರ ಪೊಲೀಸ್ ಕಮಿಷನರ್ ಕಚೇರಿಗೆ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ. ಹಿರಿಯರ ಕೋವಿಯನ್ನು ಮುಂದಿನವರ ಹೆಸರಿಗೆ ಮಾಡಿಸುವ ವಿಷಯವನ್ನು ನಗರದ ಮನೆಗಳು ಸುಮ್ಮನೆ ಮುಂದೂಡುತ್ತವೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಆ ಕೋವಿ ಅವರಲ್ಲಿ 25 ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಲು 2016ರ ನಿಯಮಗಳು ಅವಕಾಶ ಕೊಟ್ಟಿವೆ. ಹಿರಿಯರು ತೀರಿಕೊಂಡ ಮೇಲೆ ಕಪಾಟಿನಲ್ಲಿ ಕೋವಿ, ಪೆಟ್ಟಿಗೆಯಲ್ಲಿ ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡು ಪೇಚಾಡುವುದಕ್ಕಿಂತ ಇದು ಎಷ್ಟೋ ಮೇಲು.

ಹಳೆಯ ಬಂಗಲೆಗಳ .375, .405, .275 ರೈಫಲ್‌ಗಳದು ಬೇರೆಯೇ ಸಂಕಟ. ರೈಫಲ್ ಇದೆ, ತೋಟೆ ಇಲ್ಲ. ದೇಶದಲ್ಲಿ ತಯಾರಾಗದ ತೋಟೆಯ ಬಂದೂಕು ಕೊನೆಗೆ ಗೋಡೆಯ ಅಲಂಕಾರವಾಗುತ್ತದೆ. ಇಲ್ಲಿ ಕ್ಯಾಲಿಬರ್ ಆರಿಸುವವರು ಮೊದಲು ಕೇಳಬೇಕಾದದ್ದು ತೋಟೆ ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು. ಆ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುವುದು 12 ಬೋರ್, .315, .22 ಇವೇ.

ಕೊಡಗಿನ ವಿನಾಯಿತಿ

ಕೊಡಗಿನ ಕಥೆ ಪ್ರತ್ಯೇಕ. 1857ರ ದಂಗೆಯ ನಂತರ ದೇಶದಲ್ಲಿ ಜನರಿಂದ ಆಯುಧ ಕಸಿದುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರ 1963ರ ಅಧಿಸೂಚನೆ ಅದನ್ನೇ ಮುಂದುವರಿಸಿತು. ಕೊಡವ ಜನಾಂಗದವರು ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಒಂದು ರೈಫಲ್ ಹಾಗೂ ಒಂದು ನುಣುಪು ನಳಿಗೆಯ ಕೋವಿ ಹೊಂದಬಹುದು. ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆಯಬೇಕು. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಈ ವಿನಾಯಿತಿ ಲೈಸೆನ್ಸಿನಿಂದ ಮಾತ್ರ. ನಿಷೇಧಿತ ಬೋರ್ ಹೊಂದುವುದಕ್ಕಾಗಲಿ ಬೇಟೆಯಾಡುವುದಕ್ಕಾಗಲಿ ಅಲ್ಲ. ಕೊಡಗಿನಲ್ಲಿ ತೋಕ್, ಅಂದರೆ ಕೋವಿ, ಮನೆಯ ಸದಸ್ಯನಿದ್ದಂತೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ದಿನ ಕೋವಿ, ಒಡಿಕತ್ತಿಗಳನ್ನು ತೊಳೆದು ಒರೆಸಿ, ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಆಮೇಲೆ ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವ ಹೊತ್ತಿಗೂ ಕೋವಿ ಮೊಳಗುತ್ತದೆ. ಇಷ್ಟೆಲ್ಲ ಬಳಕೆಯಲ್ಲಿ ಪ್ರಾಣಿ ಕೊಲ್ಲುವ ಮಾತೇ ಬರುವುದಿಲ್ಲ ಎಂಬುದನ್ನು ಹೊರಗಿನವರು ಗಮನಿಸಬೇಕು.

ಬೇಟೆ ಎಲ್ಲಿ ಸಕ್ರಮ, ಎಲ್ಲಿ ಅಲ್ಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಪಡೆದು ಬೇಟೆಯಾಡುವ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅಂದಿನಿಂದ ಮೋಜಿನ ಬೇಟೆ ದೇಶದಲ್ಲಿ ಎಲ್ಲಿಯೂ ಇಲ್ಲ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಓದಿ ರೋಮಾಂಚನಗೊಳ್ಳುವವರು ಅದು ಮುಗಿದ ಯುಗದ ದಾಖಲೆ ಎಂದು ತಿಳಿದೇ ಓದಬೇಕು. ಕಾಡು ಇಷ್ಟು ಸಣ್ಣದಾದ ಮೇಲೆ ಆ ಯುಗ ಮುಗಿದದ್ದು ಸರಿಯೇ ಎಂದು ನಾನು ಮನಸಾರೆ ನಂಬುತ್ತೇನೆ.

ಉಳಿದಿರುವುದು ಕಾಯ್ದೆಯ 11ನೇ ಕಲಂ. ಜೀವಕ್ಕೆ, ಬೆಳೆಗೆ ಅಪಾಯವಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶದಿಂದ ನಿರ್ದಿಷ್ಟ ಪ್ರಾಣಿಯನ್ನು ಕೊಲ್ಲಲು ಅನುಮತಿಸಬಹುದು. ಕೇರಳ ಇದನ್ನೇ ಬಳಸಿ 2022ರಲ್ಲಿ ಪಂಚಾಯತ್ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಬೆಳೆ ತಿನ್ನುವ ಕಾಡುಹಂದಿಯನ್ನು ಗುಂಡಿಕ್ಕಿಸುವ ಅಧಿಕಾರ ಕೊಟ್ಟಿತು. ಕನ್ನಡಿಗರು ತುಂಬಿರುವ ಕಾಸರಗೋಡು ಜಿಲ್ಲೆಗೂ ಅದು ಅನ್ವಯ. ಮಂಜೇಶ್ವರ, ಬದಿಯಡ್ಕದ ಕಡೆಯ ಅಡಿಕೆ ಕೃಷಿಕರಿಗೆ ಹಂದಿಯ ಕಾಟ ಹೇಳಿ ಮುಗಿಯದ ಕಥೆ. ಅಲ್ಲಿ ಹಂದಿ ಹೊಡೆಯುವವರು ಲೈಸೆನ್ಸ್ ಕೋವಿ ಇರುವ, ಪಟ್ಟಿಯಲ್ಲಿ ಹೆಸರಿರುವ ಗುರಿಕಾರರು. ಉರುಳು, ವಿಷ, ಸ್ಫೋಟಕ, ಕರೆಂಟು ಬಳಸುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಹಂಚಿಕೊಳ್ಳುವಂತಿಲ್ಲ. ಕನ್ನಡ ನೆಲದಲ್ಲಿ ಕ್ಯಾಲಿಬರಿನ ಪ್ರಶ್ನೆ ಇಂದು ನಿಜವಾಗಿ ಏಳುವ ಜಾಗ ಇದೊಂದೇ ಎನ್ನಬಹುದು.

ತೋಟಕ್ಕೆ ರೈಫಲ್ಲೋ ತೋಟಾ ಕೋವಿಯೋ

ರೈಫಲ್ ಗುಂಡು ಗುರಿ ತಪ್ಪಿದರೆ ಎಲ್ಲಿ ನಿಲ್ಲುತ್ತದೆ ಎಂಬುದೇ ಮಲೆನಾಡಿನಲ್ಲಿ ಮೊದಲ ಪ್ರಶ್ನೆ. ಪುಟ್ಟ .22 ಗುಂಡೇ ಒಂದೂವರೆ ಮೈಲಿವರೆಗೆ ಅಪಾಯಕಾರಿ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. .30-06 ಗುಂಡು ನಾಲ್ಕು ಕಿ.ಮೀ.ಗೂ ಆಚೆ ಹೋಗಬಲ್ಲದು. ಕಾಫಿ ತೋಟದಲ್ಲಿ ಗಿಡದ ಆಚೆ ಏನಿದೆ ಎಂದು ಕಾಣುವುದು ಹತ್ತಿಪ್ಪತ್ತು ಮಾರು ಮಾತ್ರ. ಲೈನ್‌ಮನೆ, ಕಾಲುದಾರಿ, ನೆರೆಯವರ ಕಣ, ಬೆಳಿಗ್ಗೆ ಬೇಗ ಬಂದ ಕೆಲಸದವರು ಆ ಆಚೆಯಲ್ಲೇ ಇರುತ್ತಾರೆ. ಹಂದಿ ಎಂದು ತಿಳಿದು ಮನುಷ್ಯರಿಗೆ ಹೊಡೆದ ಸುದ್ದಿಗಳು ಮಲೆನಾಡಿಗೆ ಹೊಸವಲ್ಲ.

12 ಬೋರಿನ ದೊಡ್ಡ ಚರೆ ನಲವತ್ತು ಐವತ್ತು ಮೀಟರಿನೊಳಗೆ ಹಂದಿಗೆ ಸಾಕು, ಆಮೇಲೆ ಬೇಗ ಬಲ ಕಳೆದುಕೊಳ್ಳುತ್ತದೆ. ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ಎಕ್ಸ್‌ಪ್ರೆಸ್ ತೋಟೆ ಅಂಗಡಿಯಲ್ಲಿ ಸಿಗುತ್ತದೆ. ಗದ್ದೆ ಬದಿಯಲ್ಲಿ ಆನೆ, ಮಂಗ ಓಡಿಸಲು ಆಕಾಶಕ್ಕೊಂದು ಈಡು ಹೊಡೆಯುವುದಕ್ಕೂ ಅದೇ ಸಾಕು. ಹಾಗಾಗಿ ತೋಟದ ಮನೆಗೆ ಒಂದು ಒಳ್ಳೆಯ ಜೋಡು ನಳಿಗೆ 12 ಬೋರಿಗಿಂತ ಹೆಚ್ಚಿನದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಸರಗೋಡಿನ ಗುರಿಕಾರರಿಗೂ ಇದೇ ಮಾತು. ಎತ್ತರದಿಂದ ತಗ್ಗಿಗೆ ಹೊಡೆಯುವ, ಗುಂಡಿನ ಹಿಂದೆ ಮಣ್ಣಿನ ದಿಬ್ಬ ಖಚಿತವಾಗಿ ಇರುವ ಜಾಗದಲ್ಲಿ ಮಾತ್ರ .315ರ ಮಾತು.

ಹೊರದೇಶದಲ್ಲಿರುವವರಿಗೆ

ಬೇಟೆ ಸಕ್ರಮವಾಗಿರುವ ದೇಶದಲ್ಲಿ ನಳಿಗೆ ಬದಲಿಸುವ ರೈಫಲ್ ನಿಜಕ್ಕೂ ಅರ್ಥಪೂರ್ಣ, ಏಕೆಂದರೆ ಅಲ್ಲಿ ಒಬ್ಬನೇ ಬೇಟೆಗಾರ ವರ್ಷದಲ್ಲಿ ಬೇರೆ ಬೇರೆ ಗಾತ್ರದ ಪ್ರಾಣಿಗಳ ಹಿಂದೆ ಹೋಗುತ್ತಾನೆ. ಜರ್ಮನಿಯಲ್ಲಿ ಬೇಟೆ ಪರೀಕ್ಷೆ ಪಾಸಾಗದೆ ಲೈಸೆನ್ಸ್ ಇಲ್ಲ. ಅಲ್ಲಿನ ಕಾನೂನು ಕ್ಯಾಲಿಬರಿನ ಕನಿಷ್ಠವನ್ನೂ ನಿಗದಿ ಮಾಡಿದೆ. ಇಪ್ಪತ್ತು ಮೂವತ್ತು ಕಿಲೋ ತೂಗುವ ರೋ ಜಿಂಕೆಗೆ 100 ಮೀಟರಿನಲ್ಲಿ 1,000 ಜೂಲ್ ಇರಬೇಕು. ಕಾಡುಹಂದಿ, ಕೆಂಪು ಜಿಂಕೆಯಂಥ ಉಳಿದ ಗೊರಸಿನ ಪ್ರಾಣಿಗಳಿಗೆ ಗುಂಡು 6.5 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ, 100 ಮೀಟರಿನಲ್ಲಿ 2,000 ಜೂಲ್ ಉಳಿದಿರಬೇಕು. .243ರ ವ್ಯಾಸ 6.2 ಮಿ.ಮೀ. ಮಾತ್ರ. ಅದರ ಶಕ್ತಿ ಎಷ್ಟೇ ಇರಲಿ, ಆ ನಳಿಗೆ ಹಿಡಿದು ಹಂದಿಯ ಬೇಟೆಗೆ ಹೋದರೆ ಅಪರಾಧ.

ಹಾಗಾಗಿ ಯುರೋಪಿನಲ್ಲಿರುವವರಿಗೆ ನನ್ನ ಆಯ್ಕೆ ಮೊದಲು ಒಂದು 6.5×55 ಇಲ್ಲವೇ .30-06 ನಳಿಗೆ. ಒಂದು ಋತು ಅದರಲ್ಲೇ ಕಳೆದು, ಕೊರತೆ ಅನುಭವಕ್ಕೆ ಬಂದರೆ ಮಾತ್ರ ಎರಡನೆಯದು. ಸ್ವೀಡನ್ನಿನ ಮೂಸ್ ಬೇಟೆಗೆ ಹೋಗುವವರಿಗೆ ಎರಡನೆಯ ನಳಿಗೆಯಾಗಿ 9.3×62 ಒಳ್ಳೆಯದು. ಅಮೆರಿಕದಲ್ಲಿ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಲ್ಲಿ ಸಾಮಾನ್ಯ ಬೋಲ್ಟ್ ರೈಫಲ್ ಎಷ್ಟು ಅಗ್ಗವೆಂದರೆ ಒಂದು ಹೆಚ್ಚುವರಿ ಬ್ಲೇಸರ್ ನಳಿಗೆಯ ಬೆಲೆಗೆ ಇನ್ನೊಂದು ಪೂರ್ತಿ ರೈಫಲ್ಲೇ ಬರುತ್ತದೆ. ನಳಿಗೆ, ಅದರ ಸ್ಕೋಪ್, ಮೌಂಟ್ ಮೂರನ್ನೂ ಕೂಡಿ ಲೆಕ್ಕ ಹಾಕದೆ ಉಳಿತಾಯವಾಗುತ್ತದೆ ಎಂದುಕೊಳ್ಳಬಾರದು. ಈ ರೈಫಲ್ಲಿನ ನಿಜವಾದ ಅನುಕೂಲಗಳು ಬೇರೆ. ಹಿಡಿಯ ಅಳತೆ, ಟ್ರಿಗರಿನ ಬಿಗಿ, ಬೋಲ್ಟಿನ ಎಳೆತ ಯಾವ ನಳಿಗೆ ಹಾಕಿದರೂ ಕೈಗೆ ಒಂದೇ ಆಗಿರುತ್ತದೆ. ವಿಮಾನ ಪ್ರಯಾಣಕ್ಕೆ ಚಿಕ್ಕ ಪೆಟ್ಟಿಗೆ ಸಾಕು. ಮನೆಯಲ್ಲಿ ಮಕ್ಕಳಿದ್ದರೆ ನಳಿಗೆಯನ್ನೇ ಬೇರೆ ಬೀಗದಲ್ಲಿ ಇಡಬಹುದು.

ತಪ್ಪು ತೋಟೆಯ ಅಪಾಯ

ಒಂದಕ್ಕಿಂತ ಹೆಚ್ಚು ಕ್ಯಾಲಿಬರ್ ಮನೆಗೆ ಬಂದ ಕೂಡಲೇ ಬರುವ ಅಪಾಯ ತೋಟೆ ಅದಲುಬದಲಾಗುವುದು. ಆದ್ದರಿಂದ ಒಂದು ನಳಿಗೆಗೆ ಒಂದು ಡಬ್ಬಿ, ಒಂದು ಬಣ್ಣದ ಪಟ್ಟಿ ಎಂದು ಮಾಡಿಕೊಳ್ಳುವುದು ಅನುಭವಿಗಳ ರೂಢಿ. ಕಾಡಿಗೆ ಹೋಗುವಾಗ ಜೇಬಿನಲ್ಲಿ ಒಂದೇ ಕ್ಯಾಲಿಬರಿನ ತೋಟೆ ಇರಬೇಕು. ನಳಿಗೆಯ ಮೇಲೆ ಕೆತ್ತಿದ ಹೆಸರನ್ನೂ ತೋಟೆಯ ಬುಡದ ಮೇಲಿನ ಅಚ್ಚನ್ನೂ ಬೆಳಕಿನಲ್ಲಿ ಓದಿಯೇ ತುಂಬಬೇಕು.

ಇದು ಹೊರದೇಶದ ರೈಫಲ್ಲಿನ ಮಾತು ಮಾತ್ರವಲ್ಲ. 12 ಮತ್ತು 20 ಬೋರ್ ಎರಡೂ ಇರುವ ಮನೆಯಲ್ಲಿ 20 ಬೋರಿನ ತೋಟೆಯನ್ನು ಅರಿಯದೆ 12 ಬೋರಿಗೆ ಹಾಕಿದರೆ ಅದು ಚೇಂಬರಿನಲ್ಲಿ ನಿಲ್ಲದೆ ಮುಂದೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ ಕಾಣುತ್ತದೆ. ಅದರ ಹಿಂದೆ 12 ಬೋರಿನ ತೋಟೆ ತುಂಬಿ ಕುದುರೆ ಎಳೆದರೆ, ಮುಂಗೈ ಹಿಡಿದಿರುವ ಜಾಗದಲ್ಲೇ ನಳಿಗೆ ಸಿಡಿಯುತ್ತದೆ. ಇದೇ ಕಾರಣಕ್ಕೆ ತಯಾರಕರು 20 ಬೋರಿನ ತೋಟೆಯನ್ನು ಹಳದಿ ಬಣ್ಣದಲ್ಲಿ ಮಾಡುತ್ತಾರೆ. ಉಳಿದ ಬೋರಿನ ತೋಟೆಗೆ ಆ ಬಣ್ಣ ಹಾಕುವುದಿಲ್ಲ.